ರೋಡ್ ಐಲೆಂಡ್ ರೆಡ್ ಕೋಳಿ: ರಾಯಚೂರು, ಕೊಪ್ಪಳದ ಬಿಸಿಲಿಗೆ ತಡೆಯುತ್ತದೆಯೇ?

ತತ್ತಿಗೂ ಆಗುತ್ತದೆ, ಮಾಂಸಕ್ಕೂ ಆಗುತ್ತದೆ ಎಂದು ಹೇಳಿ ಆರ್‌ಐಆರ್ (ರೋಡ್ ಐಲೆಂಡ್ ರೆಡ್) ಮರಿಗಳನ್ನು ಮಾರುವವರ ಮಾತು ಅರ್ಧ ಸರಿ. ತತ್ತಿ ಒಂದೇ ಬೇಕೆನ್ನುವವರಿಗೆ ಇದಕ್ಕಿಂತ ಹೆಚ್ಚು ಇಡುವ ಕಂದು ತತ್ತಿಯ ಹೈಬ್ರಿಡ್ ಕೋಳಿಗಳಿವೆ. ಮಾಂಸ ಒಂದೇ ಬೇಕೆನ್ನುವವರಿಗೆ ಗಿರಿರಾಜ ಇದಕ್ಕಿಂತ ಬೇಗ ತೂಕಕ್ಕೆ ಬರುತ್ತದೆ. ಈ ಕೆಂಪು ಕೋಳಿಗೆ ದುಡ್ಡು ಕೊಡಬೇಕಾದ ಕಾರಣ ಬೇರೆ. ಇದು ಸ್ಥಿರ ತಳಿ. ಮನೆಯ ಹುಂಜ, ಮನೆಯ ಹ್ಯಾಟೆ ಕೂಡಿ ಆದ ಮರಿಯೂ ಅದೇ ಬಣ್ಣ, ಅದೇ ಮೈಕಟ್ಟು, ಹೆಚ್ಚುಕಡಿಮೆ ಅದೇ ತತ್ತಿಯ ಲೆಕ್ಕ ಹೊತ್ತು ಬರುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಬಂದ ಗಿರಿರಾಜ, ಸ್ವರ್ಣಧಾರಾ ಆಗಲಿ, ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ಆಗಲಿ ಒಳ್ಳೆಯ ಕೋಳಿಗಳೇ. ಆದರೆ ಅವು ಬೇರೆ ಬೇರೆ ಸಾಲುಗಳನ್ನು, ಅಂದರೆ ವಂಶಗಳನ್ನು, ಕೂಡಿಸಿ ಮಾಡಿದವು. ಅವುಗಳ ತತ್ತಿಗೆ ಕಾವು ಕೊಟ್ಟು ಮರಿ ತೆಗೆದರೆ ಒಂದು ತಾಯಿಯಂತೆ, ಇನ್ನೊಂದು ಯಾವುದರಂತೆಯೂ ಅಲ್ಲದಂತೆ ಬರುತ್ತದೆ. ಪ್ರತಿ ಸಲ ಹೊಸ ಮರಿಯನ್ನು ಕೊಂಡೇ ತರಬೇಕು.

ತಳಿಯ ಚರಿತ್ರೆ ಎರಡು ಮಾತಲ್ಲಿ ಮುಗಿಯುತ್ತದೆ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ರೈತರು 19ನೇ ಶತಮಾನದಲ್ಲಿ ಏಷ್ಯಾದಿಂದ ಹಡಗಿನಲ್ಲಿ ಬಂದ ಮಲಯ ಜಾತಿಯ ಕೆಂಪು ಹುಂಜಗಳನ್ನು ತಮ್ಮ ಊರ ಕೋಳಿಗಳ ಜೊತೆ ಬಿಟ್ಟು ಇದನ್ನು ಕಟ್ಟಿದರು. 1904ರಲ್ಲಿ ಅಲ್ಲಿನ ಕೋಳಿ ಸಾಕಣೆದಾರರ ಸಂಘ ಇದನ್ನು ತಳಿಯೆಂದು ಒಪ್ಪಿತು, 1954ರಲ್ಲಿ ಇದು ಆ ರಾಜ್ಯದ ಅಧಿಕೃತ ಪಕ್ಷಿಯಾಯಿತು. ನಮಗೆ ಇದರಲ್ಲಿ ಉಪಯೋಗಕ್ಕೆ ಬರುವ ಮಾತು ಒಂದೇ: ಇದು ಚಳಿಯ ನಾಡಿನಲ್ಲಿ ಕಟ್ಟಿದ ಮೈ. ಪುಕ್ಕ ದಟ್ಟ, ದೇಹ ಭಾರಿ. ಬೆಳೆದ ಹುಂಜಕ್ಕೆ ಹೇಳುವ ತೂಕ 3.9 ಕೆಜಿ, ಹ್ಯಾಟೆಗೆ 2.9 ಕೆಜಿ. ಇಲ್ಲಿ ಅಷ್ಟು ತೂಕ ಬರುವುದು ಅಪರೂಪ; ಹುಂಜ 3, ಹ್ಯಾಟೆ 2.2 ಕೆಜಿ ಮುಟ್ಟಿದರೆ ಸಾಕೆನ್ನಬೇಕು.

ಮೊದಲು ಮರಿ ಕೊಳ್ಳುವಾಗಿನ ಮೋಸದ ವಿಷಯ. ಆರ್‌ಐಆರ್ ಎಂದು ಮಾರುವ ಮರಿಗಳಲ್ಲಿ ಬಿವಿ-380ರಂಥ ಕಂದು ತತ್ತಿಯ ಹೈಬ್ರಿಡ್‌ಗಳು ಬೇಕಾದಷ್ಟು ಸೇರಿರುತ್ತವೆ. ಆ ಹೈಬ್ರಿಡ್ ಕೆಟ್ಟದ್ದಲ್ಲ, ತತ್ತಿಯಲ್ಲಿ ಆರ್‌ಐಆರ್‌ಗಿಂತ ಮುಂದೆಯೇ ಇದೆ. ಆದರೆ ಅದರ ಮರಿ ಅದರಂತೆ ಬರುವುದಿಲ್ಲ, ತಳಿಯ ಬೆಲೆ ಕೊಟ್ಟವರಿಗೆ ನಷ್ಟ. ಪತ್ತೆ ಹಚ್ಚಲು ಸುಲಭದ ಗುರುತು ಒಂದಿದೆ. ಕೆಂಪು ಹುಂಜವನ್ನು ಬಿಳಿ ಬಣ್ಣದ ಹ್ಯಾಟೆಗಳ ಸಾಲಿಗೆ ಬಿಟ್ಟರೆ ಹುಟ್ಟುವ ಹೆಣ್ಣು ಮರಿಗಳೆಲ್ಲ ಕೆಂಪು, ಗಂಡು ಮರಿಗಳೆಲ್ಲ ಬಿಳಿ. ಹೀಗೆ ಮೊದಲ ದಿನವೇ ಬಣ್ಣ ನೋಡಿ ಹೆಣ್ಣು ಆರಿಸಬಹುದು. ಶುದ್ಧ ಆರ್‌ಐಆರ್‌ನಲ್ಲಿ ಗಂಡು ಹೆಣ್ಣು ಎರಡೂ ತುಕ್ಕು ಕೆಂಪು. ಬಣ್ಣ ನಂಬಿ ಬೇರೆ ಮಾಡಲಾಗದು. ಆದ್ದರಿಂದ “ನೂರಕ್ಕೆ ನೂರು ಹೆಣ್ಣು ಮರಿ, ಶುದ್ಧ ಆರ್‌ಐಆರ್” ಎಂದು ಯಾರಾದರೂ ವಾಟ್ಸಾಪಿನಲ್ಲಿ ಹಾಕಿದರೆ ಆ ಎರಡು ಮಾತಿನಲ್ಲಿ ಒಂದು ಸುಳ್ಳೆಂದೇ ಹಿಡಿಯಿರಿ. ಶುದ್ಧ ಮರಿ ಎಂದರೆ ಗಂಡು ಹೆಣ್ಣು ಕಲಸಿಯೇ ಬರುತ್ತದೆ, 50 ತಂದರೆ 25ರ ಆಸುಪಾಸು ಹುಂಜಗಳು. ಲೆಕ್ಕವನ್ನು ಅದರ ಮೇಲೆಯೇ ಹಾಕಬೇಕು.

ಬೆಳೆದ ಕೋಳಿಯಲ್ಲಾದರೆ ಬಣ್ಣ ನೋಡಿ. ಅಸಲಿಯದ್ದು ಕಡುಗೆಂಪು, ಬಾಲ ಕಪ್ಪು, ಬಿಸಿಲಿಗೆ ಹಿಡಿದರೆ ಹಸಿರು ಹೊಳಪು. ಬೆನ್ನು ಉದ್ದ, ಚಪ್ಪಟೆ. ಕಾಲು ಹಳದಿ. ಕತ್ತಿನ ಬುಡದಲ್ಲಿ ಹ್ಯಾಟೆಗೆ ಕಪ್ಪು ಚುಕ್ಕೆ ಇದ್ದರೆ ದೋಷವಲ್ಲ. ರೆಕ್ಕೆ ಬಿಡಿಸಿದಾಗ ಒಳಗೆ, ಅಥವಾ ಬಾಲದಲ್ಲಿ ಬಿಳಿ ಗರಿ ಕಂಡರೆ ಅದು ಹೈಬ್ರಿಡ್. ತಿಳಿ ಇಟ್ಟಿಗೆ ಬಣ್ಣದವು ತತ್ತಿಗೆಂದೇ ಆರಿಸಿದ ಸಾಲು. ಅವು ಹೆಚ್ಚು ಇಡುತ್ತವೆ, ಮೈ ಸಣ್ಣದು, ಹುಂಜದಲ್ಲಿ ಲಾಭ ಕಮ್ಮಿ.

ಯಾವಾಗ ತರಬೇಕು ಎಂಬುದು ಯಾರಿಂದ ತರಬೇಕು ಎಂಬುದರಷ್ಟೇ ದೊಡ್ಡ ಪ್ರಶ್ನೆ. ನಮ್ಮ ಕಡೆ ಜೂನ್ ಕೊನೆ ಅಥವಾ ಜುಲೈಯಲ್ಲಿ ತಂದ ಮರಿ ಎಲ್ಲ ಲೆಕ್ಕದಲ್ಲೂ ಕೂಡಿಬರುತ್ತದೆ. ಈ ತಳಿ ಮೊದಲ ತತ್ತಿ ಇಡುವುದು 22ರಿಂದ 24 ವಾರಕ್ಕೆ. ಜುಲೈ ಮರಿ ಡಿಸೆಂಬರಿನಲ್ಲಿ ಶುರುಮಾಡಿ, ಬಿಸಿಲು ಏರುವ ಮುಂಚೆ ಎರಡೂವರೆ ತಿಂಗಳು ತುಂಬಾ ಇಟ್ಟು ಮುಗಿಸುತ್ತದೆ. ಹುಂಜಗಳು 16–18 ವಾರಕ್ಕೆ, ಅಂದರೆ ನವೆಂಬರ್ ಹೊತ್ತಿಗೆ ಮಾರಾಟಕ್ಕೆ ಬರುತ್ತವೆ. ಶ್ರಾವಣ ದಾಟಿರುತ್ತದೆ, ಗಿರಾಕಿ ಇರುತ್ತಾನೆ. ಅದೇ ಮರಿ ಅಕ್ಟೋಬರಿನಲ್ಲಿ ತಂದರೆ ಹ್ಯಾಟೆ ತತ್ತಿಗೆ ಬರುವುದು ಸರಿಯಾಗಿ ಮಾರ್ಚಿಗೆ. ತತ್ತಿ ಶುರುವಾಗುವ ಹೊತ್ತಿಗೇ 40 ಡಿಗ್ರಿ ಬಿದ್ದರೆ ಕೋಳಿ ತಿನ್ನುವುದನ್ನು ಬಿಡುತ್ತದೆ, ಮೂರು ತಿಂಗಳು ಬರೀ ದಾಣಿಯ ಖರ್ಚು. ಮಾರ್ಚ್ ಮರಿಯ ಹುಂಜಗಳು ಶ್ರಾವಣದ ಬಾಯಿಗೆ ಬಂದು ನಿಲ್ಲುತ್ತವೆ.

ಮರಿಗೆ ಮೊದಲ ವಾರ 35 ಡಿಗ್ರಿ ಬೇಕು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಬಲ್ಬ್ ಲೆಕ್ಕ ಮರಿಗೆ 2 ವ್ಯಾಟ್. ಸುತ್ತ ಒಂದೂವರೆ ಅಡಿ ಎತ್ತರದ ತಗಡು ಅಥವಾ ರಟ್ಟನ್ನು ದುಂಡಗೆ ಕಟ್ಟಿ. ಮೂಲೆ ಇದ್ದರೆ ಅಲ್ಲಿ ಒತ್ತರಿಸಿ ಸಾಯುತ್ತವೆ. ಮರಿಗಳು ಬಲ್ಬಿನ ಕೆಳಗೆ ಗುಂಪಾದರೆ ಚಳಿ, ಅಂಚಿಗೆ ಹೋಗಿ ಬಾಯಿ ತೆರೆದರೆ ಶೆಕೆ. ಥರ್ಮಾಮೀಟರ್ ಇಲ್ಲದಿದ್ದರೂ ಇಷ್ಟು ಸಾಕು. ನೆಲಕ್ಕೆ ಹಾಸಲು ಭತ್ತದ ಹೊಟ್ಟು ಎರಡು ಇಂಚು. ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿ ಇರುವವರೆಗೆ ಇದಕ್ಕೆ ಕೊರತೆಯಿಲ್ಲ. ಮೊದಲ ಎರಡು ದಿನ ಹೊಟ್ಟಿನ ಮೇಲೆ ಪೇಪರ್ ಹಾಸಿ, ಇಲ್ಲದಿದ್ದರೆ ದಾಣಿ ಯಾವುದು ಹೊಟ್ಟು ಯಾವುದು ತಿಳಿಯದೆ ಹೊಟ್ಟೇ ತಿನ್ನುತ್ತವೆ. ಮೂರರಿಂದ ಆರನೇ ವಾರದ ನಡುವೆ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿ. ಹೆಚ್ಚಾಗಿ ನೀರಿನ ಡಬ್ಬಿಯ ಸುತ್ತ ಒದ್ದೆಯಾದ ಹೊಟ್ಟೇ ಕಾರಣ. ಒದ್ದೆ ಹೊಟ್ಟು ತೆಗೆದು ಒಣಗಿದ್ದು ಹಾಕುವುದು, ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಆಂಪ್ರೋಲಿಯಂ ನೀರಿಗೆ ಬೆರೆಸುವುದು, ಎರಡೂ ಅದೇ ದಿನ ಆಗಬೇಕು.

ಲಸಿಕೆಯಲ್ಲಿ ಹಿತ್ತಲ ಕೋಳಿಯವರು ಜಾರುವುದೇ ಹೆಚ್ಚು. ಮ್ಯಾರೆಕ್ಸ್ ರೋಗದ ಲಸಿಕೆ ಹ್ಯಾಚರಿಯಲ್ಲೇ ಆಗಿರಬೇಕು, ಕೇಳಿಯೇ ತನ್ನಿ. 5ರಿಂದ 7ನೇ ದಿನ ಕೊಕ್ಕರೆ ರೋಗಕ್ಕೆ ಲಸೋಟ ಅಥವಾ ಎಫ್-1 ಕಣ್ಣಿಗೆ ಒಂದು ಹನಿ, 14ನೇ ದಿನ ಗುಂಬೊರೊ ರೋಗದ ಲಸಿಕೆ, 28ನೇ ದಿನ ಮತ್ತೆ ಲಸೋಟ, 6–7ನೇ ವಾರ ಕೋಳಿ ಸಿಡುಬು, 8–10ನೇ ವಾರ ಮತ್ತೆ ಕೊಕ್ಕರೆ ರೋಗಕ್ಕೇ ಆರ್2ಬಿ ಚುಚ್ಚುಮದ್ದು ಅರ್ಧ ಎಂಎಲ್. ಆರ್2ಬಿ ಮುಂದೆ ಆರು ತಿಂಗಳಿಗೊಮ್ಮೆ. ತೊಂದರೆ ಏನೆಂದರೆ ಬಾಟಲಿ ನೂರಾರು ಡೋಸಿನದ್ದು, ನಿಮ್ಮಲ್ಲಿ ಇರುವುದು ಮೂವತ್ತು ಕೋಳಿ. ಬೆರೆಸಿದ ಲಸಿಕೆ ಎರಡು ತಾಸಿಗೆ ಮುಗಿಸಬೇಕು, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ನಾಳೆ ಹಾಕಿದರೆ ನೀರು ಹಾಕಿದಂತೆ. ಓಣಿಯ ನಾಲ್ಕು ಮನೆಯವರು ಒಂದೇ ದಿನ ಗೊತ್ತುಮಾಡಿಕೊಂಡು, ಐಸ್ ತುಂಬಿದ ಥರ್ಮಾಸಿನಲ್ಲಿ ತಂದು, ಬೆಳಗಿನ ಜಾವ ಹಾಕಿಬಿಡುವುದು ಒಳ್ಳೆಯದು. ಅದರಲ್ಲಿ ಪಕ್ಕದ ಮನೆಯ ಜವಾರಿ ಕೋಳಿಗಳಿಗೂ ಹಾಕಿ. ರೋಗ ಬರುವುದು ಅವುಗಳ ಜೊತೆಯಲ್ಲೇ.

ಇನ್ನು ಬಿಸಿಲು. ಈ ತಳಿ ಇಲ್ಲಿ ಸೋಲುವುದೂ ಗೆಲ್ಲುವುದೂ ಏಪ್ರಿಲ್, ಮೇ ತಿಂಗಳಲ್ಲಿ. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ತೇಕಿಯೇ ಮೈ ತಣಿಸಿಕೊಳ್ಳಬೇಕು. ತೇಕುವಾಗ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ತತ್ತಿಯ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕಮ್ಮಿಯಾಗುತ್ತದೆ. ಅದಕ್ಕೇ ಏಪ್ರಿಲಿನ ತತ್ತಿ ಕೈಯಲ್ಲಿ ಹಿಡಿದರೆ ಒಡೆಯುತ್ತದೆ. ಬರೀ ಸುಣ್ಣದ ಕಲ್ಲು ಹಾಕಿ ಇದನ್ನು ಸರಿಮಾಡಲಾಗದು, ಮೊದಲು ತಂಪು ಮಾಡಬೇಕು.

ಗೂಡಿನ ಉದ್ದ ಪೂರ್ವ–ಪಶ್ಚಿಮ ಇರಲಿ, ಬಿಸಿಲು ಅಡ್ಡ ಗೋಡೆಗೆ ಬೀಳುತ್ತದೆ, ಒಳಗೆ ಬರುವುದಿಲ್ಲ. ತಗಡಿನ ಮೇಲೆ ಸುಣ್ಣ ಬಳಿಯಿರಿ, ಅದರ ಮೇಲೆ ಆರು ಇಂಚು ಭತ್ತದ ಹುಲ್ಲು ಹೊದಿಸಿ ಮಧ್ಯಾಹ್ನ ನೀರು ಚಿಮುಕಿಸಿ. ವೈರಿಂಗ್ ಹುಲ್ಲಿಗೆ ತಾಗದಂತೆ ನೋಡಿ. ಬದಿಗೆ ಗೋಣಿಚೀಲ ಇಳಿಬಿಟ್ಟು ಒದ್ದೆ ಮಾಡುವುದು ಲಿಂಗಸುಗೂರು, ಕುಷ್ಟಗಿ ಕಡೆಯ ಒಣ ಗಾಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಲುವೆ ನೀರು ಹರಿಯುವ ಭತ್ತದ ಗದ್ದೆಗಳ ನಡುವೆ ಅಷ್ಟು ಗುಣವಿಲ್ಲ. ಅಲ್ಲಿ ಗಾಳಿಯಲ್ಲೇ ತೇವ ಇರುತ್ತದೆ, ಇನ್ನೂ ನೀರು ಸಿಂಪಡಿಸಿದರೆ ಕೋಳಿ ತೇಕಿದರೂ ತಣಿಯುವುದಿಲ್ಲ. ಅಲ್ಲಿ ಫ್ಯಾನ್ ಬೇಕು. ಎಲ್ಲಕ್ಕಿಂತ ಅಗ್ಗದ್ದು ಬೇವಿನ ಮರದ ನೆರಳು. ನೆರಳಿಲ್ಲದ ಬಯಲು ಹೊಲದಲ್ಲಿ ತಗಡು ಹೊಡೆದು ಈ ಕೋಳಿ ಇಡುವವರಿಗೆ ನಮ್ಮ ಸಲಹೆ: ಬೇಡ, ಜವಾರಿಯನ್ನೇ ಸಾಕಿ.

ನೀರಿನಲ್ಲಿ ತಪ್ಪುವವರು ಬಹಳ. ತಾರಸಿಯ ಕಪ್ಪು ಟ್ಯಾಂಕಿನಿಂದ ನಿಪ್ಪಲ್ ಪೈಪಿಗೆ ಬರುವ ನೀರು ಮಧ್ಯಾಹ್ನ ಕೈಗೇ ಸುಡುತ್ತದೆ, ಕೋಳಿ ಮುಟ್ಟುವುದಿಲ್ಲ. ತಣ್ಣಗಿನ ಕಾಲದಲ್ಲಿ ಒಂದು ಹ್ಯಾಟೆ ಕಾಲು ಲೀಟರ್ ಕುಡಿದರೆ ಮೇ ತಿಂಗಳಲ್ಲಿ ಅದರ ಎರಡು ಪಟ್ಟು ಬೇಕು. ಮಣ್ಣಿನ ಅಗಲ ಬಾಯಿಯ ಪಾತ್ರೆಗಳನ್ನು ನೆರಳಲ್ಲಿಟ್ಟು 11ಕ್ಕೊಮ್ಮೆ, 2ಕ್ಕೊಮ್ಮೆ ಬದಲಿಸಿ. ದಾಣಿಯನ್ನು ಬೆಳಗಿನ 5ಕ್ಕೆ ಹಾಕಿ 10ಕ್ಕೆ ಎತ್ತಿಬಿಡಿ, ಮತ್ತೆ ಸಂಜೆ 5ರ ಮೇಲೆ. ತಿಂದದ್ದು ಅರಗುವಾಗ ಹುಟ್ಟುವ ಕಾವು ಮೂರು–ನಾಲ್ಕು ತಾಸಿನ ಮೇಲೆ ಏರುತ್ತದೆ. 11ಕ್ಕೆ ತಿಂದ ಕೋಳಿಗೆ ಆ ಕಾವು ಹೊರಗಿನ ಬಿಸಿಲಿನ ಜೊತೆ ಒಂದೇ ಹೊತ್ತಿಗೆ ಬೀಳುತ್ತದೆ. ದಪ್ಪ ಹುಂಜಗಳು ಸಾಯುವುದು ಹೀಗೆ, ಮಧ್ಯಾಹ್ನ 3ರ ಸುಮಾರಿಗೆ. ಬಿಸಿಲ ಹೊತ್ತಲ್ಲಿ ಅವನ್ನು ಹಿಡಿಯಲು ಓಡಿಸಬೇಡಿ.

ದಾಣಿಯ ಖರ್ಚು ನೋಡೋಣ. ತತ್ತಿ ಇಡುವ ಹ್ಯಾಟೆ ದಿನಕ್ಕೆ 115–125 ಗ್ರಾಂ ತಿನ್ನುತ್ತದೆ. ಹೊರಗೆ ಬಿಟ್ಟು ಮೇಯಿಸಿದರೆ ಕಾಲು ಭಾಗ ಉಳಿಯಬಹುದು, ಅದಕ್ಕಿಂತ ಹೆಚ್ಚು ಉಳಿಸಲು ಹೋದರೆ ತತ್ತಿ ನಿಲ್ಲುತ್ತದೆ. ಮನೆಯಲ್ಲೇ ಬೆರೆಸುವವರಿಗೆ 100 ಕೆಜಿಯ ಲೆಕ್ಕ: ಗೋವಿನಜೋಳದ ನುಚ್ಚು 50, ಸೋಯಾ ಹಿಂಡಿ 22, ಸೂರ್ಯಕಾಂತಿ ಹಿಂಡಿ 6, ಅಕ್ಕಿ ತೌಡು 10, ಸುಣ್ಣದ ಕಲ್ಲಿನ ಹರಳು ಅಥವಾ ಕಪ್ಪೆಚಿಪ್ಪು 9, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಒಂದೂವರೆ ಕೆಜಿ, ಉಪ್ಪು 400 ಗ್ರಾಂ, ಉಳಿದದ್ದು ವಿಟಮಿನ್–ಖನಿಜ ಮಿಶ್ರಣ ಮತ್ತು ಮಿಥಿಯೋನಿನ್ ಎಂಬ ಅಮೈನೋ ಆಮ್ಲ. ಇದರಲ್ಲಿ ಪ್ರೋಟೀನ್ ಶೇಕಡಾ 17ರ ಹತ್ತಿರ, ಕ್ಯಾಲ್ಸಿಯಂ ಶೇಕಡಾ ನಾಲ್ಕಕ್ಕೆ ಸ್ವಲ್ಪ ಕಮ್ಮಿ ಬರುತ್ತದೆ. ಗೋವಿನಜೋಳದ ಅರ್ಧದವರೆಗೆ ಬಿಳಿಜೋಳ ಹಾಕಬಹುದು. ಆಗ ತತ್ತಿಯ ಹಳದಿ ಭಾಗ ಬಿಳುಚುತ್ತದೆ, ನುಗ್ಗೆ ಸೊಪ್ಪೋ ಕುದುರೆ ಮೆಂತ್ಯವೋ ಕೊಟ್ಟರೆ ಬಣ್ಣ ಮರಳುತ್ತದೆ. ಈ ತತ್ತಿ ದಾಣಿಯನ್ನು ನಾಲ್ಕು ತಿಂಗಳ ಒಳಗಿನ ಕೋಳಿಗೆ ಹಾಕಬಾರದು. ಅಷ್ಟು ಕ್ಯಾಲ್ಸಿಯಂ ಎಳೆಯ ಮೂತ್ರಪಿಂಡ ಕೆಡಿಸುತ್ತದೆ.

ರಾಯಚೂರಿನವರಿಗೆ ಪ್ರತ್ಯೇಕ ಎಚ್ಚರಿಕೆ: ಹತ್ತಿಕಾಳಿನ ಹಿಂಡಿ ಅಗ್ಗಕ್ಕೆ ಸಿಗುತ್ತದೆಂದು ದಾಣಿಗೆ ಬೆರೆಸಬೇಡಿ. ಎಮ್ಮೆಗೆ ಸರಿ, ಕೋಳಿಗಲ್ಲ. ಅದರಲ್ಲಿನ ಗಾಸಿಪೋಲ್ ಎಂಬ ವಿಷದ ಅಂಶ ತತ್ತಿಯ ಹಳದಿಗೆ ಸೇರಿ, ನಾಲ್ಕು ದಿನ ಇಟ್ಟ ಮೇಲೆ ಅದು ಪಾಚಿ ಹಸಿರಿಗೆ ತಿರುಗುತ್ತದೆ. ಇಟ್ಟ ದಿನ ಏನೂ ಕಾಣದು, ಗಿರಾಕಿಯ ಮನೆಯಲ್ಲಿ ಒಡೆದಾಗ ಕಾಣುತ್ತದೆ. ಶೇಂಗಾ ಹಿಂಡಿಯಲ್ಲಿ ಬೂಸ್ಟಿನ ವಿಷ, ಅಂದರೆ ಅಫ್ಲಾಟಾಕ್ಸಿನ್, ಮಳೆಗಾಲದಲ್ಲಿ ಹೆಚ್ಚು. ಮುಗ್ಗಲು ವಾಸನೆ ಬಂದದ್ದನ್ನು ಬಿಸಿಲಿಗೆ ಹಾಕಿ ಒಣಗಿಸಿದರೂ ವಿಷ ಹೋಗುವುದಿಲ್ಲ. ಹತ್ತಿ, ಮೆಣಸಿನಕಾಯಿ, ಭತ್ತದ ಹೊಲಕ್ಕೆ ಎಣ್ಣೆ (ಕೀಟನಾಶಕ) ಹೊಡೆದ ವಾರ ಕೋಳಿಯನ್ನು ಹೊರಗೆ ಬಿಡಬೇಡಿ. ಸತ್ತ ಹುಳ ಹೆಕ್ಕಿ ತಿಂದು ಸಾಯುತ್ತವೆ.

ಗೂಡಿಗೆ ಒಂದು ಕೋಳಿಗೆ ಎರಡು ಚದರಡಿ ಒಳಗೆ, ಹೊರಗೆ ಹತ್ತಾದರೂ ಬೇಕು. ಕೂರುವ ಕೋಲು ಎರಡು ಅಡಿಗಿಂತ ಎತ್ತರ ಬೇಡ, ಈ ಭಾರದ ಕೋಳಿ ಮೇಲಿಂದ ಹಾರಿ ಪಾದಕ್ಕೆ ಬಾವು ತಂದುಕೊಳ್ಳುತ್ತದೆ. ಐದು ಹ್ಯಾಟೆಗೆ ಒಂದು ತತ್ತಿ ಡಬ್ಬಿ, ಒಂದಡಿ ಉದ್ದಗಲ. ಬೇಲಿ ನಾಲ್ಕಡಿ ಸಾಕು, ಜವಾರಿಯಂತೆ ಮರ ಹತ್ತುವುದಿಲ್ಲ. ಅದೇ ಕಾರಣಕ್ಕೆ ನಾಯಿ ನುಗ್ಗಿದರೆ ಒಂದೂ ತಪ್ಪಿಸಿಕೊಳ್ಳುವುದಿಲ್ಲ. ಮುಂಗುಸಿಗೆ ಅರ್ಧ ಇಂಚಿನ ಜಾಳಿಗೆಯೇ ಬೇಕು, ಬುಡದಲ್ಲಿ ಒಂದಡಿ ನೆಲದೊಳಗೆ ಹೂಳಿರಬೇಕು. ಹುಂಜಗಳು ಸಿಟ್ಟಿನವು, ಚಿಕ್ಕ ಮಕ್ಕಳಿರುವ ಅಂಗಳದಲ್ಲಿ ಕಾಲಿಗೆ ಕುಕ್ಕಲು ಬರುವ ಹುಂಜವನ್ನು ತಳಿಗೆ ಇಟ್ಟುಕೊಳ್ಳಬೇಡಿ, ಆ ಗುಣ ಮರಿಗೂ ಇಳಿಯುತ್ತದೆ.

ತತ್ತಿ ಎಷ್ಟು? ಮಾರುವವರು 250, 280 ಎನ್ನುತ್ತಾರೆ. ಅದು ತತ್ತಿಗೆಂದೇ ಆರಿಸಿದ ಸಾಲನ್ನು ತಂಪು ಶೆಡ್ಡಿನಲ್ಲಿ, ದಿನಕ್ಕೆ 16 ತಾಸು ಬೆಳಕಿನಲ್ಲಿ ಸಾಕಿದಾಗಿನ ಮಾತು. ಇಲ್ಲಿ ನೆರಳು, ದಾಣಿ ಎರಡೂ ಚೆನ್ನಾಗಿದ್ದರೆ ಮೊದಲ ವರ್ಷ 150–180 ಎಂದು ಲೆಕ್ಕ ಹಾಕಿ, ಹೆಚ್ಚು ಬಂದರೆ ಲಾಭ. ಜವಾರಿ ಐವತ್ತು–ಅರವತ್ತಕ್ಕೆ ನಿಲ್ಲುತ್ತದೆ ಎಂಬುದನ್ನು ನೆನೆದರೆ ಇದು ಕಮ್ಮಿಯೇನಲ್ಲ. ಆದರೆ ಮಾರುವಾಗ ಒಂದು ಪೇಚು. ಬಣ್ಣ ಕಂದು ಇದ್ದರೂ ತೂಕ 55–60 ಗ್ರಾಂ. ಸಂತೆಯಲ್ಲಿ ಕೊಳ್ಳುವವರು ಗಾತ್ರ ನೋಡಿಯೇ ಇದು ಜವಾರಿ ತತ್ತಿಯಲ್ಲ ಎನ್ನುತ್ತಾರೆ. ಜವಾರಿ ಎಂದು ಸುಳ್ಳು ಹೇಳಿ ಮಾರುವುದಕ್ಕಿಂತ ಮನೆಮನೆಗೆ ಗೊತ್ತಿನ ಗಿರಾಕಿ ಹಿಡಿಯುವುದು ಲೇಸು. ಹುಂಜದ್ದೂ ಅದೇ ಕತೆ. 18 ವಾರಕ್ಕೆ 7–8 ಕೆಜಿ ದಾಣಿ ತಿಂದು ಎರಡು ಕೆಜಿ ಚಿಲ್ಲರೆ ತೂಗುತ್ತದೆ. ಬ್ರಾಯ್ಲರ್ ಅಷ್ಟೇ ತೂಕಕ್ಕೆ ಮೂರೂವರೆ ಕೆಜಿ ತಿಂದು 40 ದಿನದಲ್ಲಿ ಮುಗಿಸುತ್ತದೆ. ಆದ್ದರಿಂದ ಬ್ರಾಯ್ಲರ್ ದರಕ್ಕೆ ಕೊಟ್ಟರೆ ಕೈಯಿಂದ ಹೋಗುತ್ತದೆ. ಮಾಂಸ ಗಟ್ಟಿ, ಸಾರಿಗೆ ರುಚಿ ಬಿಡುತ್ತದೆ; ಜವಾರಿಗಿಂತ ಒಂದು ಮೆಟ್ಟಿಲು ಕೆಳಗೆ, ಗಿರಿರಾಜಗಿಂತ ಮೇಲೆ ಎಂಬುದು ನಮ್ಮ ನಾಲಿಗೆಯ ತೀರ್ಪು.

ಮರಿ ಮನೆಯಲ್ಲೇ ತೆಗೆಯುವುದಕ್ಕೆಂದೇ ಈ ತಳಿ ತಂದಿರುವಾಗ ಅದನ್ನು ಸರಿಯಾಗಿ ಮಾಡಬೇಕು. ಆರ್‌ಐಆರ್ ಹ್ಯಾಟೆ ಕಾವಿಗೆ ಕೂರುವುದು ಅಪರೂಪ, ಕೂತರೂ ನಡುವೆ ಎದ್ದು ಹೋಗುತ್ತದೆ. ಎರಡು ಮೂರು ಜವಾರಿ ಹ್ಯಾಟೆಗಳನ್ನು ಅದಕ್ಕೆಂದೇ ಇಟ್ಟುಕೊಳ್ಳಿ. ತನ್ನ ತತ್ತಿಯಾದರೆ 12–14 ಮುಚ್ಚುವ ಜವಾರಿ ಈ ದೊಡ್ಡ ತತ್ತಿಯನ್ನು 8–10 ಮಾತ್ರ ಮುಚ್ಚಬಲ್ಲದು. ಹೆಚ್ಚು ಇಟ್ಟರೆ ಅಂಚಿನವು ತಣ್ಣಗಾಗಿ ಎಲ್ಲವೂ ಕೆಡುತ್ತವೆ. ಒಂದು ಹುಂಜಕ್ಕೆ ಎಂಟರಿಂದ ಹತ್ತು ಹ್ಯಾಟೆ. ತತ್ತಿಯನ್ನು ಚೂಪು ತುದಿ ಕೆಳಗಾಗಿ ಇಟ್ಟು ಏಳು ದಿನದೊಳಗೆ ಕಾವಿಗೆ ಹಾಕಬೇಕು. ಇದು ನವೆಂಬರಿನಿಂದ ಫೆಬ್ರವರಿವರೆಗಿನ ಕೆಲಸ. ಬೇಸಿಗೆಯಲ್ಲಿ ಕೋಣೆಯೇ 35 ಡಿಗ್ರಿ ಇರುವಾಗ ಕಾವಿಗೆ ಹಾಕುವ ಮುಂಚೆಯೇ ಒಳಗಿನ ಭ್ರೂಣ ಅರೆಬರೆ ಬೆಳೆಯಲು ಶುರುಮಾಡಿ ಸಾಯುತ್ತದೆ. ಏಪ್ರಿಲಿನಲ್ಲಿ ಹತ್ತಕ್ಕೆ ಮೂರು ಒಡೆದರೆ ಹುಂಜವನ್ನು ಬೈಯಬೇಡಿ. ಜನವರಿಯಲ್ಲಿ ಒಡೆದ ಮರಿಗಳು ಬೇಸಿಗೆಯನ್ನು ಎಳೆ ಮೈಯಲ್ಲಿ ದಾಟುತ್ತವೆ, ತತ್ತಿ ಹೊತ್ತ ಹ್ಯಾಟೆಗಿಂತ ಅವಕ್ಕೆ ಬಿಸಿಲು ಸುಲಭ.

ಎರಡು ವರ್ಷಕ್ಕೊಮ್ಮೆ ಹುಂಜವನ್ನು ಬೇರೆಯವರ ಶುದ್ಧ ಹುಂಜದೊಡನೆ ಬದಲಿಸಿ, ಇಲ್ಲದಿದ್ದರೆ ಅಣ್ಣ ತಂಗಿ ಕೂಡಿ ತತ್ತಿಯೂ ಒಡೆಯುವ ಮರಿಯೂ ಕಮ್ಮಿಯಾಗುತ್ತ ಬರುತ್ತವೆ. ಗಂಗಾವತಿ, ಹಗರಿ, ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕೇಳಿದರೆ ಯಾರು ಯಾವ ಕೋಳಿ ಸಾಕುತ್ತಿದ್ದಾರೆಂಬ ಸುಳಿವು ಸಿಗಬಹುದು. ಎರಡನೇ ವರ್ಷ ತತ್ತಿ ಐದರಲ್ಲಿ ಒಂದು ಪಾಲು ಇಳಿಯುತ್ತದೆ, ಪುಕ್ಕ ಉದುರುವ ಕಾಲದಲ್ಲಿ ಪೂರ್ತಿ ನಿಲ್ಲುತ್ತದೆ. ಹಳೆಯ ಹ್ಯಾಟೆಗಳನ್ನು ಮಾರುವುದಾದರೆ ಎರಡನೇ ಬೇಸಿಗೆಗೆ ಮುಂಚೆ, ಫೆಬ್ರವರಿಯಲ್ಲೇ ಮಾರಿ. ಆಗ ಮೈಯಲ್ಲಿ ಕೊಬ್ಬಿರುತ್ತದೆ, ತೂಕಕ್ಕೆ ದುಡ್ಡು ಬರುತ್ತದೆ. ಮನೆಗೇ ಇಟ್ಟುಕೊಂಡರೆ ಕುಕ್ಕರಿನಲ್ಲಿ ಎಳೆಕೋಳಿಗೆ ಕೂಗಿಸುವ ಎರಡರಷ್ಟು ಸೀಟಿ ಹಾಕಿಸಿ.